ಕ್ಲಾಸಿನಲ್ಲಿ ಮಾತಿಗೆ ಕಷ್ಟಪಡುವ ಮಗುವನ್ನು ಗುರುತಿಸುವುದು ಹೇಗೆ, ನಾವೇನು ಮಾಡಬಹುದು

ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುವ ಮೇಷ್ಟ್ರು, ಮಿಸ್‌ಗಳಿಗೆ ಇದು. ಉಗ್ಗುವ ಮಗು ಎಲ್ಲರ ಗಮನಕ್ಕೂ ಬರುತ್ತದೆ. ಆದರೆ ಗಲಾಟೆ ಮಾಡದೆ, ಕೇಳಿದ್ದಕ್ಕೆಲ್ಲ ತಲೆಯಾಡಿಸಿಕೊಂಡು, ಪಕ್ಕದವನು ತೆಗೆದ ಪುಟವನ್ನೇ ನೋಡಿ ತಾನೂ ತೆಗೆಯುವ ಮಗು ಇರುತ್ತದಲ್ಲ, ಅದು 'ದಡ್ಡ' ಅಂತಲೋ 'ನಾಚಿಕೆ ಸ್ವಭಾವ' ಅಂತಲೋ ಅನ್ನಿಸಿಕೊಂಡು ವರ್ಷಗಟ್ಟಲೆ ಹಾಗೇ ಮುಂದಿನ ಕ್ಲಾಸಿಗೆ ಹೋಗಿಬಿಡುತ್ತದೆ. ನನಗೆ ಜಾಸ್ತಿ ಚಿಂತೆ ಈ ಮಗುವಿನದೇ.

ಈ ಮಗುವಿನ ಉಚ್ಚಾರ ಸರಿಯಾಗೇ ಇರಬಹುದು, ಕಷ್ಟ ಇರುವುದು ಭಾಷೆಯಲ್ಲಿ. 'ಪುಸ್ತಕ ತೆಗಿ, ಹನ್ನೆರಡನೇ ಪುಟ ನೋಡು, ಮೊದಲನೇ ಸಾಲಿಗೆ ಗೆರೆ ಎಳಿ' ಅಂತ ಅದೊಂದಕ್ಕೇ ಹೇಳಿ ನೋಡಿ, ನೋಡಿ ಅನುಸರಿಸಲು ಪಕ್ಕದಲ್ಲಿ ಯಾರೂ ಇರಬಾರದು. ಒಂದೇ ಕೆಲಸ ಮಾಡಿ ನಿಂತುಬಿಟ್ಟರೆ ಬರೆದಿಟ್ಟುಕೊಳ್ಳಿ. ಇನ್ನೊಂದು ದಿನ ಕಾಗೆ ಬಾಯಾರಿದ ಕಥೆ ಹೇಳಿ, ತಿರುಗಿ ಹೇಳಿಸಿ. ಮೂರನೇ ಕ್ಲಾಸಿನ ಮಗು ಸಾಮಾನ್ಯವಾಗಿ 'ನೀರು ತಳದಲ್ಲಿತ್ತು, ಅದಕ್ಕೇ ಕಲ್ಲು ಹಾಕ್ತು' ಅನ್ನುತ್ತದೆ. ಕಷ್ಟ ಇರುವ ಮಗು 'ಕಾಗೆ... ಅದು... ಕಲ್ಲು. ಕುಡೀತು' ಅಂದು ಮುಗಿಸುತ್ತದೆ. 'ಅಕ್ಕ ಬಂದ', 'ನಾನು ಬಸ್ ಬಂದೆ' ಅನ್ನುವ ಥರದ ತಪ್ಪು ಆ ವಯಸ್ಸಿನಲ್ಲೂ ದಿನಾ ಬರುತ್ತಿದ್ದರೆ ಅದೂ ಒಂದು ಸುಳಿವು.

ಆದರೆ ಇಲ್ಲಿ ದುಡುಕಬೇಡಿ. ಹಳೇ ಮೈಸೂರಿನ ಕಡೆ ಮಗು 'ಆಲು', 'ಅಣ್ಣು' ಅಂದರೆ ಅದು ಮನೆಮಾತು, ದೋಷವಲ್ಲ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ತುಳು ಆಡುವ ಮಗು ಕನ್ನಡದ ಕ್ಲಾಸಿನಲ್ಲಿ ಕೆಲವು ತಿಂಗಳು ಸುಮ್ಮನಿರುವುದೂ ಸಹಜ. ಅಮ್ಮನನ್ನೋ ಅಜ್ಜಿಯನ್ನೋ ಕರೆಸಿ ಕೇಳಿ: 'ಮನೆ ಭಾಷೆಯಲ್ಲಿ ಇವನು ಅಣ್ಣತಮ್ಮಂದಿರ ಥರಾನೇ ಮಾತಾಡ್ತಾನಾ?' ಅಲ್ಲಿ ಚೆನ್ನಾಗಿ ಮಾತಾಡುತ್ತಿದ್ದರೆ ಮಗುವಿಗೆ ಬೇಕಿರುವುದು ಕನ್ನಡ ಕಲಿಯಲು ಸಮಯ. ಎರಡರಲ್ಲೂ ಕಷ್ಟ ಇದ್ದರೆ ಮಾತ್ರ ಮುಂದಿನ ಹೆಜ್ಜೆ. ಮನೆ ಭಾಷೆ ಬಿಟ್ಟುಬಿಡಿ ಅಂತ ಮಾತ್ರ ಯಾರಿಗೂ ಹೇಳಬೇಡಿ, ಅದರಿಂದ ಏನೂ ಸರಿಹೋಗುವುದಿಲ್ಲ.

ಉಚ್ಚಾರದ ವಿಷಯ ಇಷ್ಟೇ. ಮೂರು ವರ್ಷದ ಮಗು 'ಕಾಗೆ'ಗೆ 'ತಾಗೆ' ಅಂದರೆ ಚಿಂತೆಯಿಲ್ಲ. ಒಂದನೇ ಕ್ಲಾಸಿಗೆ ಬಂದ ಮೇಲೂ ಹಾಗೇ ಅನ್ನುತ್ತಿದ್ದರೆ, ಮನೆಯವರನ್ನು ಬಿಟ್ಟು ಬೇರೆಯವರಿಗೆ ಅದರ ಮಾತು ಅರ್ಥವಾಗದಿದ್ದರೆ ತೋರಿಸಬೇಕು. ಮೂಗಿನಲ್ಲಿ ಮಾತು ಬರುತ್ತಿದ್ದರೂ, ಗಂಟಲು ವಾರಗಟ್ಟಲೆ ಒಡೆದ ಹಾಗೇ ಇದ್ದರೂ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಕಳಿಸಿ. ತೊಂದರೆ ಯಾವುದೇ ಇರಲಿ, ಮೊದಲು ಕಿವಿ ಪರೀಕ್ಷೆ ಆಗಲಿ. ಕಿವಿ ಸೋರುತ್ತದೆ, ನೆಗಡಿಯಾದಾಗಲೆಲ್ಲ ಕರೆದರೆ ತಿರುಗುವುದಿಲ್ಲ ಅಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ಎಷ್ಟೋ ಸಲ ಮನೆತನದಲ್ಲಿ ಬೇರೆಯವರಿಗೂ ಇರುತ್ತದೆ. ಯಾರನ್ನೋ ಅಣಕಿಸಿದ್ದರಿಂದ ಬರುವಂಥದ್ದಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ, ಬಾಯಲ್ಲಿ ಕಲ್ಲಿಟ್ಟು ಮಾತಾಡಿಸಿದರೆ ಹೋಗುವಂಥದ್ದೂ ಅಲ್ಲ. ಕಲ್ಲು ಗಂಟಲಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಇದೇ ಮಗು ಪ್ರಾರ್ಥನೆಯಲ್ಲಿ ಎಲ್ಲರ ಜೊತೆ ಸರಾಗವಾಗಿ ಹಾಡುತ್ತದೆ, ಅದನ್ನು ನೋಡಿ 'ಬೇಕಂತಲೇ ಮಾಡ್ತಾನೆ' ಅನ್ನುವವರಿದ್ದಾರೆ. ಹಾಡುವಾಗ, ಗುಂಪಿನಲ್ಲಿ ಒಟ್ಟಿಗೆ ಓದುವಾಗ ಉಗ್ಗು ತಗ್ಗುವುದು ಅದರ ಗುಣ, ದಯವಿಟ್ಟು ತಪ್ಪು ತಿಳಿಯಬೇಡಿ.

ಉಗ್ಗುವ ಎಷ್ಟೋ ಮಕ್ಕಳಿಗೆ ದಿನದ ಅತಿ ಕಷ್ಟದ ಹೊತ್ತು ಹಾಜರಿ. ತನ್ನ ಹೆಸರು ಬರುವವರೆಗೆ ಎಣಿಸುತ್ತಾ ಕೂತು, ಸರದಿ ಬಂದಾಗ 'ಪ್ರೆಸೆಂಟ್ ಮಿಸ್'ನ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಂಡು, ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರೆ, ಮಾರನೇ ದಿನದಿಂದ ಹೊಟ್ಟೆನೋವು. ಆ ಕ್ಲಾಸಿನಲ್ಲಿ ಎಲ್ಲರೂ ಕೈ ಎತ್ತಿ ಹಾಜರಿ ಹೇಳಲಿ, ಅವನೊಬ್ಬನೇ ಅಲ್ಲ. ಅವನು ಮಾತಾಡುವಾಗ ಪದ ನೀವು ಮುಗಿಸಬೇಡಿ. 'ನಿಧಾನ, ಉಸಿರು ತಗೋ' ಅನ್ನಬೇಡಿ, ಒಳ್ಳೆಯ ಮನಸ್ಸಿನಿಂದ ಹೇಳಿದರೂ ಅವನಿಗೆ ಕೇಳುವುದು 'ನೀನು ಸರಿಯಾಗಿ ಮಾತಾಡ್ತಿಲ್ಲ' ಅಂತಲೇ. ಮುಖ ನೋಡಿಕೊಂಡು ಕಾಯಿರಿ. ಜೋರಾಗಿ ಓದಿಸುವಾಗ ಇನ್ನೊಬ್ಬರ ಜೊತೆ ಓದ್ತೀಯಾ, ಒಬ್ಬನೇ ಓದ್ತೀಯಾ ಅಂತ ಅವನನ್ನೇ ಪ್ರತ್ಯೇಕವಾಗಿ ಕೇಳಿ. ಕೆಲವು ಮಕ್ಕಳಿಗೆ ಒಬ್ಬರೇ ಓದಲು ಆಸೆ ಇರುತ್ತದೆ! ನಗುವವರಿಗೆ ಅವತ್ತೇ, ಖಡಕ್ಕಾಗಿ ಬುದ್ಧಿ ಹೇಳಿ.

ಭಾಷೆಯಲ್ಲೇ ಕಷ್ಟ ಇರುವ ಮಗುವಿಗೆ ಒಂದು ಸಲಕ್ಕೆ ಒಂದೇ ಮಾತು. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿ. ಹೊಸ ಪದ ಬಂದರೆ ವಸ್ತುವನ್ನೇ ಕೈಗೆ ಕೊಡಿ, ಆ ವಾರವಿಡೀ ಅದೇ ಪದ ಬಳಸಿ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸಿ. 'ನಾನು ಬಸ್ ಬಂದೆ' ಅಂದರೆ ತಪ್ಪು ಅನ್ನದೆ, 'ಓ, ಬಸ್ಸಲ್ಲಿ ಬಂದ್ಯಾ?' ಅಂತ ಸರಿಯಾದದ್ದನ್ನೇ ಹೇಳಿ ಮಾತು ಮುಂದುವರಿಸಿ.

ಎಲ್ಲಿಗೆ ಕಳಿಸುವುದು? ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ವಿಶೇಷ ಅಗತ್ಯದ ಮಕ್ಕಳ ಕೆಲಸ ನೋಡುವ ಶಿಕ್ಷಕರಿಗೆ (ಬಿಐಇಆರ್‌ಟಿ) ಮೊದಲು ತಿಳಿಸಿ. ಮಕ್ಕಳ ಆರೋಗ್ಯದ ಸರ್ಕಾರಿ ಕಾರ್ಯಕ್ರಮವಾದ ಆರ್‌ಬಿಎಸ್‌ಕೆಯಿಂದ ಶಾಲೆಗೆ ತಪಾಸಣೆಗೆ ಬರುವ ಡಾಕ್ಟರಿಗೂ ನೀವೇ ಮಗುವನ್ನು ತೋರಿಸಿ, ಇಲ್ಲದಿದ್ದರೆ ಬಾಯಿ ತೆಗೆಸದೆಯೇ ಸಾಲು ಮುಂದೆ ಹೋಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಕಿವಿ, ಮಾತು, ಭಾಷೆ ಮೂರನ್ನೂ ನೋಡುತ್ತಾರೆ. ತಂದೆತಾಯಿಗೆ 'ನಿಮ್ಮ ಮಗುವಿಗೆ ಈ ಕಾಯಿಲೆ ಇದೆ' ಅಂತ ಹೇಳಬೇಡಿ. ಅದನ್ನು ಹೇಳಬೇಕಾದವರು ಸ್ಪೀಚ್ ಥೆರಪಿಸ್ಟ್. ನಾವು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳೋಣ.

ವಿಶೇಷಚೇತನರ ಹಕ್ಕುಗಳ 2016ರ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ದೋಷವೂ ಇದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯಂಥ ಅನುಕೂಲಗಳನ್ನೂ ಆ ಕಾಯ್ದೆ ಹೇಳುತ್ತದೆ. ಮಾತಿನ ತೊಂದರೆ ಇರುವ ಎಲ್ಲ ಮಕ್ಕಳಿಗೂ ವಿಶೇಷಚೇತನರ ಸರ್ಟಿಫಿಕೇಟ್ ಸಿಗುವುದಿಲ್ಲ, ಹಾಗಾಗಿ ಎಸ್ಸೆಸ್ಸೆಲ್ಸಿವರೆಗೆ ಕಾಯದೆ ಬೇಗ ವಿಚಾರಿಸಿ.

ನೀವು ಬರೆದಿಟ್ಟ ಆ ಒಂದೆರಡು ಪುಟವನ್ನು ಜೂನ್‌ನಲ್ಲಿ ಮುಂದಿನ ಕ್ಲಾಸ್ ಟೀಚರ್ ಕೈಗೆ ಕೊಡಿ. ಏನು ಮಾಡಿದಾಗ ಮಗು ಬಾಯಿಬಿಟ್ಟಿತು ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.