ಮುತ್ತು ಅಸಲಿಯೋ ನಕಲಿಯೋ? ತೂತು ನೋಡಿ

ಮುತ್ತಿನ ಸರ ಕೈಗೆ ಬಂದರೆ ಹಲ್ಲಿಗೆ ಉಜ್ಜಿ ನೋಡುವುದು ರೂಢಿ. ಒಳ್ಳೆಯ ರೂಢಿಯೇ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಹೆಚ್ಚು ಗುಟ್ಟು ಬಿಟ್ಟುಕೊಡುವುದು ಮುತ್ತಿನ ತೂತು.

ಅಂಗಡಿಯ ಝಗಮಗ ದೀಪದಡಿ ಗಾಜಿನ ಮಣಿಯೂ ಮುತ್ತಾಗಿಬಿಡುತ್ತದೆ. ಸರವನ್ನು ಹಗಲು ಬೆಳಕಿಗೆ ತಂದು ಬಿಳಿ ಬಟ್ಟೆಯ ಮೇಲಿಡಿ. ಅಕ್ಕಸಾಲಿಗರು ಬಳಸುವ, 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಬೇಕು. ದಾರವನ್ನು ಮೆಲ್ಲಗೆ ಸರಿಸಿ ತೂತಿನ ಬಾಯಿ ನೋಡಿ. ಅಸಲಿಯಲ್ಲಿ ತೂತು ಸಣ್ಣದು, ಅಂಚು ಚೂಪು. ಒಳಗೂ ಪದರ ಪದರವಾದ ಚಿಪ್ಪಿನ ವಸ್ತುವೇ ಕಾಣುತ್ತದೆ. ನಕಲಿಯಲ್ಲಿ ತೂತಿನ ಸುತ್ತ ಬಣ್ಣದ ಲೇಪ ದಪ್ಪಗೆ ಉಬ್ಬಿರುತ್ತದೆ, ಇಲ್ಲವೇ ಹಳೆಯ ಗೋಡೆಯ ಸುಣ್ಣದಂತೆ ಸಿಪ್ಪೆ ಎದ್ದು ಒಳಗಿನ ಗಾಜು ಅಥವಾ ಪ್ಲಾಸ್ಟಿಕ್ ಇಣುಕುತ್ತದೆ.

ಇನ್ನು ಹಲ್ಲಿನ ಪರೀಕ್ಷೆ. ಮುತ್ತನ್ನು ಒರೆಸಿ, ಮುಂದಿನ ಹಲ್ಲಿನ ಅಂಚಿಗೆ ಹಗುರವಾಗಿ ಆಡಿಸಿ. ಅಸಲಿ ಚಿರೋಟಿ ರವೆಯಂತೆ ತರಿತರಿ ಅನ್ನುತ್ತದೆ, ನಕಲಿ ಜಾರುತ್ತದೆ. ಕಟ್ಟಿಸಿದ ಹಲ್ಲಿಗೆ ಇದು ಸರಿಯಾಗಿ ತಿಳಿಯದು. ಎರಡು ಮುತ್ತುಗಳನ್ನೇ ಒಂದಕ್ಕೊಂದು ಮೆಲ್ಲಗೆ ಉಜ್ಜಿದರೂ ಅದೇ ತರಿತರಿ ಸಿಗುತ್ತದೆ. ಎಡವುವುದು ಎಲ್ಲಿ ಅಂದರೆ, ಚೆನ್ನಾಗಿ ಪಾಲಿಶ್ ಮಾಡಿದ ಅಸಲಿ ಮುತ್ತೂ ನುಣುಪಾಗಿರಬಹುದು, ಕೆಲವು ನಕಲಿಗಳ ಲೇಪ ಒರಟಾಗಿಯೂ ಇರಬಹುದು. ಅದಕ್ಕೇ ತೂತು ನೋಡದೆ ತೀರ್ಮಾನ ಬೇಡ.

ತೂಕ, ತಂಪು ಹಿಡಿದು ಪ್ಲಾಸ್ಟಿಕ್ಕನ್ನು ಬೇರೆ ಮಾಡಬಹುದು, ಅಷ್ಟೇ. ಗಾಜು ಕೂಡ ತಣ್ಣಗೆ, ಭಾರವಾಗಿ ಇರುತ್ತದೆ. ಚಿಪ್ಪಿನ ಗುಂಡಿಗೋ ಚಿಪ್ಪಿನ ಪುಡಿಯ ಗುಂಡಿಗೋ ಲೇಪ ಹಚ್ಚಿ ಮಾಡಿದ ನಕಲಿ ‘ಶೆಲ್ ಪರ್ಲ್’ ತೂಕದಲ್ಲೂ ಮೋಸ ಮಾಡುತ್ತದೆ. ಸರದ ಒಂದೊಂದು ಮುತ್ತೂ ಅಚ್ಚಿಗೆ ಹಾಕಿ ತೆಗೆದಂತೆ ಒಂದೇ ಗುಂಡು, ಒಂದೇ ಬಣ್ಣ, ಒಂದೇ ಹೊಳಪು ಇದ್ದು ಬೆಲೆಯೂ ಅಗ್ಗವಾಗಿದ್ದರೆ ಅನುಮಾನಪಡಿ.

ಬೆಂಕಿಗೆ ಹಿಡಿಯುವುದು, ವಿನೆಗರಿನಲ್ಲಿ ಹಾಕುವುದು ಖಂಡಿತ ಬೇಡ. ಮುತ್ತು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಅದನ್ನು ಕರಗಿಸುತ್ತದೆ, ಬೆಂಕಿ ಸೀಳಿಸುತ್ತದೆ. ಅಸಲಿ ಎಂದು ಗೊತ್ತಾಗುವಷ್ಟರಲ್ಲಿ ಮುತ್ತೇ ಹಾಳು.

ಈ ಪರೀಕ್ಷೆಗಳಲ್ಲಿ ಗೆದ್ದ ಮುತ್ತು ತಾನಾಗಿ ಬೆಳೆದದ್ದೇ ಎಂದೇನಲ್ಲ. ಇಂದು ಮಾರಾಟವಾಗುವ ಅಸಲಿ ಮುತ್ತುಗಳಲ್ಲಿ ಬಹುಪಾಲು ಕೃಷಿ ಮಾಡಿದವು, ಅವೂ ಅಸಲಿಯೇ. ಆದರೆ ‘ಬಸ್ರಾ ಮುತ್ತು’ (ಪರ್ಷಿಯನ್ ಕೊಲ್ಲಿಯಲ್ಲಿ ತಾನಾಗಿ ಬೆಳೆದ ಮುತ್ತು) ಎಂದು ಹೇಳಿ ದುಬಾರಿ ಬೆಲೆ ಕೇಳಿದರೆ, ರತ್ನ ಪರೀಕ್ಷಾಲಯದ ಎಕ್ಸ್‌-ರೇ ವರದಿ ಕೈಗೆ ಬರುವವರೆಗೆ ಹಣ ಕೊಡಬೇಡಿ.