ಲಾಭ ಇಳೀತಾ? ಹುಡುಗರನ್ನು ಬೈಯುವ ಮೊದಲು ಈ ಲೆಕ್ಕ ಹಾಕಿ

ಏಪ್ರಿಲ್ ಬಂತೆಂದರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್‌ಮಿಲ್ಲುಗಳ ಆಫೀಸಿನಲ್ಲಿ ಎರಡೇ ಮಾತು. ಲಾಭ ಬಂದಿದ್ದರೆ, ‘ಈ ಸಲ ಖರೀದಿ ಚೆನ್ನಾಗಿ ಮಾಡಿದ್ವಿ ನೋಡ್ರಿ’. ಬರದಿದ್ದರೆ, ‘ಹುಡುಗ್ರು ಸರಿಯಾಗಿ ಕೆಲ್ಸ ಮಾಡ್ಲಿಲ್ಲ ಬಿಡ್ರಿ’. ಇಪ್ಪತ್ತು ವರ್ಷದಿಂದ ಮಿಲ್ಲುಗಳ ಲೆಕ್ಕ ಬರೆಯುತ್ತಿದ್ದೇನೆ. ಲಾಭಕ್ಕೆ ಧಣಿ ಕಾರಣ, ನಷ್ಟಕ್ಕೆ ಆಪರೇಟರ್ ಕಾರಣ ಅನ್ನುವ ಈ ಲೆಕ್ಕ ಯಾವ ಪುಸ್ತಕದಲ್ಲೂ ತಾಳೆಯಾದದ್ದನ್ನು ನೋಡಿಲ್ಲ.

ಕೆಲವು ವರ್ಷದ ಹಿಂದೆ ನಾನು ಲೆಕ್ಕ ಬರೆಯುತ್ತಿದ್ದ ಒಂದು ಮಿಲ್ಲಿನಲ್ಲಿ ಲಾಭ ಏಳು ಲಕ್ಷದಷ್ಟು ಇಳಿಯಿತು. ಧಣಿಗೆ ಸಿಟ್ಟು ಬಂದು ದೀಪಾವಳಿಗೆ ಮನಸಾರೆ ಕೊಡುವ ಇನಾಮಿನಲ್ಲಿ, ಅಂದರೆ ‘ಖುಷಿ’ಯಲ್ಲಿ, ಕೈ ಬಿಗಿ ಹಿಡಿದರು. ಹಳೆಯ ಆಪರೇಟರ್ ಹಬ್ಬ ಮುಗಿದ ವಾರಕ್ಕೇ ಪಕ್ಕದ ಮಿಲ್ಲಿಗೆ ಹೋದ. ಹೊಸಬನ ಕೈಯಲ್ಲಿ ಆ ಸುಗ್ಗಿಯಿಡೀ ಅಕ್ಕಿಗಿಂತ ನುಚ್ಚೇ ಜಾಸ್ತಿ. ಆಮೇಲೆ ಕೂತು ಲೆಕ್ಕ ಬಿಡಿಸಿದರೆ, ಹೋದ ಆಪರೇಟರ್ ಅದೇ ವರ್ಷ ಮಿಲ್ಲಿಗೆ ದುಡ್ಡು ಉಳಿಸಿಕೊಟ್ಟಿದ್ದ! ಅಂಥ ಲೆಕ್ಕ ಬಿಡಿಸುವುದು ಹೇಗೆ ಅಂತ ಇಲ್ಲಿದೆ. ಮಿಲ್ಲು ಅಂತ ಬರೆದಿದ್ದೇನೆ. ಬಳ್ಳಾರಿಯ ಜೀನ್ಸ್ ಘಟಕದವರು ಭತ್ತದ ಜಾಗದಲ್ಲಿ ಬಟ್ಟೆ ಅಂತ, ರಾಯಚೂರಿನ ಜಿನ್ನಿಂಗ್‌ನವರು ಹತ್ತಿ ಅಂತ ಓದಿಕೊಂಡರೆ ಸಾಕು.

1. ಪುಸ್ತಕವನ್ನು ಸುಗ್ಗಿಗೆ ತಕ್ಕಂತೆ ಕತ್ತರಿಸಿ

ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ. ಭತ್ತಕ್ಕೆ ಅದು ಗೊತ್ತಿಲ್ಲ. ಮುಂಗಾರಿನ ಭತ್ತ ನವೆಂಬರ್-ಡಿಸೆಂಬರಿಗೆ ಬರುತ್ತೆ, ಬೇಸಿಗೆಯದು ಏಪ್ರಿಲ್-ಮೇ ತಿಂಗಳಿಗೆ. ತೆರಿಗೆಗೆ ಒಂದು ಲೆಕ್ಕ ಇರಲಿ. ನಿಮ್ಮ ತಿಳಿವಳಿಕೆಗೆ ಸುಗ್ಗಿಯಿಂದ ಸುಗ್ಗಿಗೆ ಇನ್ನೊಂದು ಬರೆದಿಡಿ. ಇದಕ್ಕೆ ನೂರು ಪುಟದ ನೋಟ್‌ಬುಕ್ ಸಾಕು. ದುಬಾರಿ ಸಾಫ್ಟ್‌ವೇರ್ ಮಾರುವವರು ಬಾಗಿಲಿಗೆ ಬಂದರೆ ಚಹಾ ಕುಡಿಸಿ ಕಳಿಸಿ.

2. ಗೋದಾಮಿನ ಉಳಿಕೆಯನ್ನು ತೂಗಿಸಿ

ಕಣ್ಣಂದಾಜು ಬೇಡ. ಉಳಿದ ಮಾಲಿಗೆ ಕೊಂಡ ಬೆಲೆ ಅಥವಾ ಈಗ ಮಾರಿದರೆ ಕೈಗೆ ಬರುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಾಕಿ. ಬ್ಯಾಂಕಿಗೆ ತೋರಿಸಲು ಉಳಿಕೆಯನ್ನು ಉಬ್ಬಿಸುವವರಿದ್ದಾರೆ. ಈ ವರ್ಷ ಉಬ್ಬಿಸಿದ ಲಾಭ ಮುಂದಿನ ವರ್ಷ ನಷ್ಟವಾಗಿ ಬಂದು ಕೂರುತ್ತೆ. ಆಗ ಮತ್ತೆ ಹುಡುಗರ ಮೇಲೆ ಕೂಗಾಟ.

3. ನಿಮ್ಮ ಕೈಯಲ್ಲಿ ಇಲ್ಲದ್ದನ್ನು ಮೊದಲು ಪಟ್ಟಿ ಮಾಡಿ

ಹಟ್ಟಿ ಚಿನ್ನದ ಗಣಿ ನೋಡಿ. ಚಿನ್ನದ ದರ ಏರಿದರೆ, ಒಂದು ಗ್ರಾಂ ಜಾಸ್ತಿ ಅಗೆಯದಿದ್ದರೂ ಆದಾಯ ಏರುತ್ತೆ. ಸಂಡೂರು ಕಡೆಯ ದೋಣಿಮಲೈನಲ್ಲಿ ಗುತ್ತಿಗೆಯ ತಕರಾರಿನಿಂದ ಕೇಂದ್ರ ಸರ್ಕಾರದ ಅದಿರು ಕಂಪನಿ ಎನ್‌ಎಂಡಿಸಿಯ ಕಬ್ಬಿಣದ ಗಣಿ 2018ರ ನವೆಂಬರಿನಲ್ಲಿ ನಿಂತಿತು. ಮತ್ತೆ ಶುರುವಾಗಿದ್ದು 2021ರ ಫೆಬ್ರುವರಿಯಲ್ಲಿ. ಆ ಎರಡು ವರ್ಷದ ಅಂಕಿ ಹಿಡಿದು ಅಲ್ಲಿನ ಡ್ರೈವರ್ ಸೋಮಾರಿಯಾದ ಅಂದರೆ ಯಾರಾದರೂ ಒಪ್ತಾರಾ?

ನಮ್ಮ ಮಿಲ್ಲುಗಳಿಗೂ ಹಾಗೇ. ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ಸಾಲದ ವರ್ಷ ಎರಡನೇ ಬೆಳೆಯೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕಿತ್ತುಹೋದಾಗ, ಗದ್ದೆಯವರಷ್ಟೇ ನಿದ್ದೆಗೆಟ್ಟವರು ಮಿಲ್ಲಿನವರು. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಬಾಗಿಲು ಮತ್ತೆ ತೆರೆದದ್ದು 2024ರ ಸೆಪ್ಟೆಂಬರ್ ಕೊನೆಗೆ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು. ಅಂಗಡಿಗಳಲ್ಲಿ 26 ಕೆಜಿ ಚೀಲ ಕಾಣಿಸಿಕೊಂಡ ಗುಟ್ಟು ಇದೇ! ಇದರಲ್ಲಿ ಯಾವುದನ್ನೂ ಹಮಾಲರು ತೀರ್ಮಾನಿಸಿದ್ದಲ್ಲ.

4. ವ್ಯತ್ಯಾಸವನ್ನು ನಾಲ್ಕು ತುಂಡು ಮಾಡಿ

ಜನ ಎಡವುವುದು ಇಲ್ಲೇ. ಪೆನ್ಸಿಲ್ ತಗೊಳ್ಳಿ. ಪೆನ್ನು ಬೇಡ, ಅಳಿಸಬೇಕಾಗುತ್ತೆ. ಸುಲಭವಾಗಲಿ ಅಂತ ದುಂಡು ಅಂಕಿ ಕೊಡುತ್ತೇನೆ. ಇವು ಉದಾಹರಣೆಗೆ ಮಾತ್ರ.

ಹೋದ ವರ್ಷ 10,000 ಕ್ವಿಂಟಲ್ ಭತ್ತ ಆಡಿಸಿದಿರಿ. ಭತ್ತ ಕ್ವಿಂಟಲ್‌ಗೆ ₹2,300. ಒಂದು ಕ್ವಿಂಟಲ್ ಭತ್ತದಿಂದ 60 ಕೆಜಿ ಇಡೀ ಅಕ್ಕಿ ಬಂತು. ಅಕ್ಕಿ ಕ್ವಿಂಟಲ್‌ಗೆ ₹4,000, ಅಂದರೆ 60 ಕೆಜಿಗೆ ₹2,400. ನುಚ್ಚು, ತೌಡು, ಹೊಟ್ಟಿನಿಂದ ₹150. ಒಟ್ಟು ₹2,550. ಭತ್ತದ ಬೆಲೆ ಕಳೆದರೆ ಕ್ವಿಂಟಲ್‌ಗೆ ಉಳಿದದ್ದು ₹250. ಹತ್ತು ಸಾವಿರ ಕ್ವಿಂಟಲ್‌ಗೆ 25 ಲಕ್ಷ. ಕರೆಂಟು, ಕೂಲಿ, ಬಡ್ಡಿ ಇನ್ನೂ ಕಳೆದಿಲ್ಲ, ಅದು ಆಮೇಲೆ.

ಈ ವರ್ಷ ಸಿಕ್ಕಿದ್ದು 8,000 ಕ್ವಿಂಟಲ್. ಭತ್ತ ₹2,400. ಅಕ್ಕಿ 61 ಕೆಜಿ ಬಂತು, ದರ ₹4,050. ಹಾಗಾಗಿ ಅಕ್ಕಿಯಿಂದ ₹2,470.50, ನುಚ್ಚು-ತೌಡಿನಿಂದ ಅದೇ ₹150. ಉಳಿದದ್ದು ಕ್ವಿಂಟಲ್‌ಗೆ ₹220.50, ಒಟ್ಟು ₹17,64,000. ಖೋತಾ ₹7,36,000.

ಈಗ ಈ ಖೋತಾವನ್ನು ಒಡೆಯೋಣ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಬೇಕು. ಎಲ್ಲ ಒಟ್ಟಿಗೆ ಬದಲಿಸಿದರೆ ಗೋಜಲು.

ಮೊದಲು ಮಾಲು. 2,000 ಕ್ವಿಂಟಲ್ ಕಡಿಮೆ, ಹೋದ ವರ್ಷದ ₹250ರ ಲೆಕ್ಕದಲ್ಲಿ 5 ಲಕ್ಷ ಹೋಯಿತು. ಆಮೇಲೆ ಭತ್ತದ ದರ. ಕ್ವಿಂಟಲ್‌ಗೆ ₹100 ಜಾಸ್ತಿ, 8,000 ಕ್ವಿಂಟಲ್‌ಗೆ 8 ಲಕ್ಷ ಹೋಯಿತು. ಮೂರನೆಯದು ಅಕ್ಕಿಯ ದರ. ₹50 ಏರಿದೆ, ಆದರೆ ಒಂದು ಕ್ವಿಂಟಲ್ ಭತ್ತಕ್ಕೆ 60 ಕೆಜಿ ಅಕ್ಕಿ ಮಾತ್ರ, ಹಾಗಾಗಿ ₹30. ಇದರಿಂದ 2 ಲಕ್ಷ 40 ಸಾವಿರ ಬಂತು. (ಇಲ್ಲಿ ಎಲ್ಲರೂ ₹50ನ್ನೇ ಗುಣಿಸಿ 4 ಲಕ್ಷ ಮಾಡಿಬಿಡ್ತಾರೆ. ತಾಳೆಯಾಗದಿದ್ದರೆ ಮೊದಲು ಈ ಸಾಲು ನೋಡಿ.) ಕೊನೆಗೆ ಉತಾರ, ಅಂದರೆ ಒಂದು ಕ್ವಿಂಟಲ್ ಭತ್ತಕ್ಕೆ ಬರುವ ಇಡೀ ಅಕ್ಕಿ. ಒಂದು ಕೆಜಿ ಜಾಸ್ತಿ, ಕೆಜಿಗೆ ₹40.50, 8,000 ಕ್ವಿಂಟಲ್‌ಗೆ 3 ಲಕ್ಷ 24 ಸಾವಿರ ಬಂತು.

13 ಲಕ್ಷ ಹೋಗಿ 5 ಲಕ್ಷ 64 ಸಾವಿರ ಬಂದರೆ ಖೋತಾ 7 ಲಕ್ಷ 36 ಸಾವಿರ. ಪೈಸೆಗೆ ಪೈಸೆ ತಾಳೆ.

ಮಿಲ್ಲಿನ ಒಳಗೆ ದುಡಿಯುವವರ ಕೈ ಇರುವುದು ನಾಲ್ಕನೇ ತುಂಡಿನಲ್ಲಿ ಮಾತ್ರ. ಅದು ಏರಿದೆ. ಬೈಸಿಕೊಳ್ಳಬೇಕಾದದ್ದು ಯಾರು ಹೇಳಿ? ಎಂಟು ಲಕ್ಷದ ತುಂಡು ಖರೀದಿಯದು, ಖರೀದಿ ಮಾಡುವವರು ಧಣಿಯೇ. ಅವರದೂ ಪೂರ್ತಿ ತಪ್ಪಲ್ಲ. ಭತ್ತದ ಪೇಟೆ ಏರಿದರೆ ಅವರಾದರೂ ಏನು ಮಾಡಿಯಾರು?

5. ಆತುರಪಡಬೇಡಿ, ತೇವ ಕಳೆಯಿರಿ

ಆಪರೇಟರಿಗೆ 3 ಲಕ್ಷ 24 ಸಾವಿರದ ಹಾರ ಹಾಕುವ ಮೊದಲು ಒಂದು ಪ್ರಶ್ನೆ. ಈ ವರ್ಷದ ಭತ್ತ ಎಷ್ಟು ಒಣಗಿತ್ತು?

ಭತ್ತ ಆಡಿಸಲು ಶೇ 14ರ ಆಸುಪಾಸಿನ ತೇವ ಬೇಕು. ಶೇ 20 ತೇವದ ಒಂದು ಕ್ವಿಂಟಲ್ ಒಣಗಿ ಶೇ 14ಕ್ಕೆ ಬಂದರೆ ಎಷ್ಟು ಉಳಿಯುತ್ತೆ? ಇಪ್ಪತ್ತರಲ್ಲಿ ಹದಿನಾಲ್ಕು ಕಳೆದರೆ ಆರು, ಹಾಗಾಗಿ 94 ಕೆಜಿ ಅನ್ನುತ್ತಾರೆ. ತಪ್ಪು. ನೀರು ಬಿಟ್ಟು ಇರುವ ಕಾಳು 80 ಕೆಜಿ. ಒಣಗಿದ ಮೇಲೆ ಆ 80 ಕೆಜಿಯೇ ನೂರಕ್ಕೆ 86 ಪಾಲು ಆಗಬೇಕು. 80ನ್ನು 86ರಿಂದ ಭಾಗಿಸಿ ನೂರರಿಂದ ಗುಣಿಸಿ. ಬರುವುದು 93 ಕೆಜಿ. ಒಂದು ಕೆಜಿಯ ತಪ್ಪು ಎಂಟು ಸಾವಿರ ಕ್ವಿಂಟಲ್‌ಗೆ ಎಷ್ಟಾಯ್ತು ನೀವೇ ನೋಡಿಕೊಳ್ಳಿ.

ನಮ್ಮ ಉದಾಹರಣೆಯಲ್ಲಿ ಹೋದ ವರ್ಷದ ಭತ್ತಕ್ಕೆ ಸರಾಸರಿ ಶೇ 18 ತೇವ, ಈ ವರ್ಷ ಶೇ 17 ಅಂದುಕೊಳ್ಳಿ. ಒಣಗಿದಾಗ ಹೋದ ವರ್ಷ 95.35 ಕೆಜಿ ಉಳಿದಿತ್ತು, ಈ ವರ್ಷ 96.51. ಹೋದ ವರ್ಷದ್ದೇ ಕೈ, ಹೋದ ವರ್ಷದ್ದೇ ಮಿಷಿನ್ ಇದ್ದರೂ ಈ ವರ್ಷ 60.73 ಕೆಜಿ ಅಕ್ಕಿ (60ನ್ನು 95.35ರಿಂದ ಭಾಗಿಸಿ 96.51ರಿಂದ ಗುಣಿಸಿ) ತಾನಾಗಿಯೇ ಬರುತ್ತಿತ್ತು. ಕೆಲಸದಿಂದ ಬಂದದ್ದು ಉಳಿದ 0.27 ಕೆಜಿ. ದುಡ್ಡಿನಲ್ಲಿ ಸುಮಾರು 87 ಸಾವಿರ. ಮೂರೂಕಾಲು ಲಕ್ಷ ಎಲ್ಲಿ, 87 ಸಾವಿರ ಎಲ್ಲಿ! ಹಾಗಂತ ಅದು ಸೊನ್ನೆಯೂ ಅಲ್ಲ, ನಷ್ಟವಂತೂ ಅಲ್ಲವೇ ಅಲ್ಲ.

ಈ ಲೆಕ್ಕ ನಿಂತಿರುವುದು ತೇವ ಅಳೆಯುವ ಮೀಟರಿನ ಮೇಲೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಕಡ್ಡಿ ಚುಚ್ಚುವ ಮೀಟರ್ ತರಬೇಡಿ. ಒಂದೇ ಚೀಲಕ್ಕೆ ಮೂರು ಸಲ ಚುಚ್ಚಿದರೆ ಮೂರು ಅಂಕಿ ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಕಾಳು ತುಂಬಿ ಅಳೆಯುವ ಒಳ್ಳೆಯ ಮೀಟರ್ ಕೊಳ್ಳಿ, ಸುಗ್ಗಿಗೊಮ್ಮೆ ಪರೀಕ್ಷೆ ಮಾಡಿಸಿ. ಲಾರಿಯ ಮೇಲಿನ ಚೀಲ ಮಾತ್ರ ಅಲ್ಲ, ನಡುವಿನದು, ತಳದ್ದು ಕೂಡ ತೆಗೆಯಿರಿ. ಒಣಗಿದ ಚೀಲ ಯಾವಾಗಲೂ ಮೇಲೇ ಇರುತ್ತೆ, ಅದ್ಯಾಕೋ!

ಇನ್ನೊಂದು. ಸೋನಾ ಮಸೂರಿಯನ್ನು ಸೋನಾ ಮಸೂರಿಗೇ ಹೋಲಿಸಿ, ಆರ್‌ಎನ್‌ಆರ್ ಭತ್ತವನ್ನು ಆರ್‌ಎನ್‌ಆರ್‌ಗೇ. ಹಸಿ ಅಕ್ಕಿ ಮತ್ತು ಸ್ಟೀಮ್ ಅಕ್ಕಿಯ ಲೆಕ್ಕ ಬೆರೆಸಬೇಡಿ. ಹಬೆ ಕೊಟ್ಟ ಕಾಳು ಗಟ್ಟಿಯಾಗಿ ನುಚ್ಚು ಕಡಿಮೆ ಆಗುತ್ತೆ. ಅದು ಆಪರೇಟರನ ಜಾಣತನ ಅಲ್ಲ.

6. ಬಡ್ಡಿ

ಹಳೆ ಅಕ್ಕಿಗೆ ಬೆಲೆ ಜಾಸ್ತಿ ಅಂತ ಭತ್ತ ಕಟ್ಟಿಡುತ್ತೀರಿ. ವರ್ಷಕ್ಕೆ ಶೇ 10 ಬಡ್ಡಿ ಅಂದರೂ ₹2,400ರ ಭತ್ತಕ್ಕೆ ಆರು ತಿಂಗಳಲ್ಲಿ ₹120. ಕ್ವಿಂಟಲ್‌ಗೆ ಉಳಿಯುವ ₹220ರಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಯಾಂಕಿಗೇ ಹೋಯಿತು.

7. ಈಗ ಹುಡುಗರ ಕೆಲಸ ಅಳೆಯಿರಿ

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ (1900–1993) ತಮ್ಮ ತರಬೇತಿಗಳಲ್ಲಿ ಒಂದು ಆಟ ಆಡಿಸುತ್ತಿದ್ದರು. ಡಬ್ಬಿಯಲ್ಲಿ 4,000 ಮಣಿ, ಅದರಲ್ಲಿ 800 ಕೆಂಪು. 50 ಕುಳಿಯ ಹಲಗೆ ಅದ್ದಿ ಬಿಳಿ ಮಣಿ ಮಾತ್ರ ತೆಗೆಯಬೇಕು. ಕೆಂಪು ಬಂದರೆ ಅದು ಕೆಟ್ಟ ಮಾಲು. ಕಡಿಮೆ ಕೆಂಪು ಬಂದವನಿಗೆ ಶಭಾಷ್, ಜಾಸ್ತಿ ಬಂದವನಿಗೆ ಬೈಗುಳ. ಮುಂದಿನ ಸುತ್ತಿನಲ್ಲಿ ಶಭಾಷ್ ಅನಿಸಿಕೊಂಡವನಿಗೇ ಕೆಂಪು ಜಾಸ್ತಿ. ಪಾಪ, ಅವನು ಏನು ಮಾಡಬೇಕು? ಕೆಂಪು ಮಣಿ ಡಬ್ಬಿಯಲ್ಲೇ ಇದೆ.

ನಮ್ಮ ಮಿಲ್ಲಿನ ಕೆಂಪು ಮಣಿ ಯಾವುವು? ಹಸಿ ಭತ್ತ. ಆತುರಕ್ಕೆ ಡ್ರೈಯರಿನಲ್ಲಿ ಜೋರು ಬಿಸಿ ಕೊಟ್ಟು ಸೀಳು ಬಿಟ್ಟ ಕಾಳು. ಭತ್ತದ ಹೊಟ್ಟು ಬಿಡಿಸುವ ರಬ್ಬರ್ ರೋಲ್ ಸವೆದದ್ದು. ಪದೇ ಪದೇ ಹೋಗುವ ಕರೆಂಟು. ಇವನ್ನು ತಂದಿಟ್ಟವರು ಆಪರೇಟರ್ ಅಲ್ಲ. ಅಗ್ಗದ ರೋಲ್ ತಂದು ಉಳಿಸಿದ ದುಡ್ಡನ್ನು ನುಚ್ಚಿನ ರಾಶಿಯಲ್ಲಿ ಹುಡುಕಬೇಕಾಗುತ್ತೆ. ರೋಲ್ ವಿಷಯದಲ್ಲಿ ಚೌಕಾಸಿ ಬೇಡ, ಇದು ನನ್ನ ಖಡಾಖಂಡಿತ ಮಾತು.

ಆದ್ದರಿಂದ ಪಾಳಿ ಪಾಳಿಗೆ ಬರೆದಿಡಿ: ಭತ್ತದ ತಳಿ, ತೇವ, ಎಷ್ಟು ಗಂಟೆ ಮಿಷಿನ್ ಓಡಿತು, ಎಷ್ಟು ಸಲ ನಿಂತಿತು, ನುಚ್ಚು ಎಷ್ಟು. ಇಷ್ಟೇ ಸಾಕು. ಒಂದು ಮಿಲ್ಲಿನಲ್ಲಿ ರಾತ್ರಿ ಪಾಳಿಯವರು ಕಳ್ಳರು ಅಂತಲೇ ಹೆಸರಾಗಿತ್ತು. ಬರೆದು ನೋಡಿದರೆ ಹಸಿ ಭತ್ತದ ಲಾರಿಗಳು ಸಂಜೆ ಬರುತ್ತಿದ್ದವು, ಅವರ ಪಾಲಿಗೆ ಯಾವಾಗಲೂ ಅದೇ. ಒಂದು ತಿಂಗಳು ಪಾಳಿ ಅದಲು-ಬದಲು ಮಾಡಿದೆವು. ‘ಕಳ್ಳತನ’ವೂ ಹಗಲಿಗೆ ಬಂತು!

ಹಮಾಲರ ಕೆಲಸ ಅಳೆಯುವವರು ಬಿಸಿಲನ್ನೂ ಬರೆದುಕೊಳ್ಳಬೇಕು. ಮೇ ತಿಂಗಳ ರಾಯಚೂರಿನ ಮಧ್ಯಾಹ್ನ ಎರಡಕ್ಕೆ, ಡಿಸೆಂಬರಿನ ಬೆಳಗ್ಗೆ ಎತ್ತಿದಷ್ಟು ಚೀಲ ಯಾರೂ ಎತ್ತಲ್ಲ. ಲೋಡಿಂಗನ್ನು ನಸುಕಿಗೆ ಇಟ್ಟುಕೊಳ್ಳಿ, ಮಧ್ಯಾಹ್ನ ಮಜ್ಜಿಗೆ ಕೊಡಿ. ಉದ್ಯೋಗಿಗೆ ನಕ್ಷತ್ರ ಕೊಡುವ ಫಾರಂ ಒಬ್ಬರು ಮಾರಲು ಬಂದಿದ್ದರು. ಹದಿನೆಂಟು ಪ್ರಶ್ನೆ. ಅದರಲ್ಲಿ ಬಿಸಿಲೂ ಇರಲಿಲ್ಲ, ತೇವವೂ ಇರಲಿಲ್ಲ.

8. ಬೋನಸ್ ಮತ್ತು ಖುಷಿ ಬೇರೆ ಬೇರೆ

ಬೋನಸ್ ಕಾನೂನಿಗೆ ಒಳಪಡುವ ಮಿಲ್ಲಾದರೆ, ಅರ್ಹ ಕೆಲಸಗಾರರಿಗೆ ಸಂಬಳದ ಲೆಕ್ಕದಲ್ಲಿ ಕನಿಷ್ಠ ಶೇ 8.33, ಗರಿಷ್ಠ ಶೇ 20. ಲಾಭ ಇಳಿದಿದೆ ಅಂತ ಕನಿಷ್ಠಕ್ಕೆ ಕತ್ತರಿ ಹಾಕುವಂತಿಲ್ಲ. ಅದರ ಮೇಲೆ ಕೊಡುವ ಖುಷಿಯನ್ನು ಐದನೇ ಹೆಜ್ಜೆಯ ಅಂಕಿಗೆ ಕಟ್ಟಿ, ಒಟ್ಟು ಲಾಭಕ್ಕಲ್ಲ. ಉದಾಹರಣೆಯ 87 ಸಾವಿರದಲ್ಲಿ ಮೂರನೇ ಒಂದು ಪಾಲು ಕೊಟ್ಟರೂ 29 ಸಾವಿರ. ನಾನಾಗಿದ್ದರೆ ಪೂರ್ತಿ ಪಾಳಿಗೆ ಹಂಚುತ್ತಿದ್ದೆ, ಒಬ್ಬನನ್ನೇ ಆರಿಸುತ್ತಿರಲಿಲ್ಲ. ಒಬ್ಬನಿಗೆ ಕೊಟ್ಟರೆ ಉಳಿದವರು ಅವನಿಗೆ ಸವೆದ ರೋಲಿನ ಸುದ್ದಿ ಹೇಳಲ್ಲ.

ಕೊಡುವಾಗ ಲೆಕ್ಕದ ಹಾಳೆಯನ್ನೂ ತೋರಿಸಿ. ಕಾರಟಗಿಯ ಮಿಲ್ಲೊಂದರಲ್ಲಿ ಹಾಳೆ ನೋಡಿದ ಡ್ರೈಯರಿನ ಹುಡುಗ, ‘ಧಣಿ, ಶುಕ್ರವಾರದ ತೇವ ತಪ್ಪು ಬರ್ದೀರಿ. ಅವತ್ತು ಮೀಟರಿನ ಸೆಲ್ ಹೋಗಿತ್ತು’ ಅಂದ. ಸೆಲ್ ಬದಲಿಸಿ, ಆ ಶುಕ್ರವಾರದ ಸಾಲು ಅಳಿಸಿ, ಉಳಿದದ್ದನ್ನು ಮತ್ತೆ ಕೂಡಿದೆವು.