ಸೋಲುತ್ತಿದ್ದ ಶಾರ್ಕ್ಸ್‌ನ ನಾನು ನೋಡಿದ ರೀತಿ

2023-24ರಲ್ಲಿ ಸ್ಯಾನ್ ಹೋಸೆ ಶಾರ್ಕ್ಸ್ ಐಸ್ ಹಾಕಿ ತಂಡದ ಅಭಿಮಾನಿಯಾಗಿರುವುದು ಸುಲಭವಿರಲಿಲ್ಲ. ಮೊದಲ 11 ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ನವೆಂಬರ್‌ನಲ್ಲಿ ವ್ಯಾಂಕೂವರ್ ಎದುರು 10-1 ಸೋಲು, ಅದರ ಮುಂದಿನ ಪಂದ್ಯದಲ್ಲೇ ಪಿಟ್ಸ್‌ಬರ್ಗ್ ಎದುರು 10-2. ಎರಡೂ ನಮ್ಮದೇ ಅಂಗಳದಲ್ಲಿ. 82 ಪಂದ್ಯ ಮುಗಿದಾಗ ಗೆದ್ದದ್ದು 19, ಪಾಯಿಂಟ್ 47. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ 32 ತಂಡಗಳಲ್ಲಿ ಕೊನೆಯ ಸ್ಥಾನ. ಮುಂದಿನ ವರ್ಷವೂ ಕೊನೆಯದೇ. ಆದರೂ ನಾನು ನೋಡುವುದನ್ನು ಬಿಡಲಿಲ್ಲ. ಸುಮ್ನೆ ಹಲ್ಲು ಕಚ್ಚಿ ಕೂತರೆ ಇಷ್ಟು ದಿನ ತಡೆಯಲಾಗುವುದಿಲ್ಲ. ನೋಡುವ ರೀತಿಯನ್ನೇ ಬದಲಿಸಿಕೊಂಡೆ.

ಮೊದಲು, ಈ ಸ್ಥಿತಿ ಯಾಕೆ ಬಂತು ಅಂತ ತಿಳಿದುಕೊಂಡೆ. ಇದೇ ತಂಡ 2016ರಲ್ಲಿ ಲೀಗಿನ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್‌ನ ಫೈನಲ್ ಆಡಿತ್ತು. 2019ರಲ್ಲಿ ಫೈನಲ್‌ಗೆ ಒಂದು ಮೆಟ್ಟಿಲು ಮುಂಚೆ ನಿಂತಿತ್ತು. ಕಪ್ ಆಸೆಗೆ ದೊಡ್ಡ ಆಟಗಾರರಿಗೆ ದೀರ್ಘ ಒಪ್ಪಂದ ಕೊಟ್ಟಿದ್ದರು. ಈ ಲೀಗಿನಲ್ಲಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. ಆಟಗಾರರಿಗೆ ವಯಸ್ಸಾಗುತ್ತದೆ, ಸಂಬಳ ಮಾತ್ರ ಹಾಗೇ ಇರುತ್ತದೆ. 2022ರಲ್ಲಿ ಜನರಲ್ ಮ್ಯಾನೇಜರ್ ಆಗಿ ಬಂದ ಮೈಕ್ ಗ್ರಿಯರ್ ಒಬ್ಬೊಬ್ಬರನ್ನೇ ಬಿಟ್ಟುಕೊಡತೊಡಗಿದರು. 2023ರ ಫೆಬ್ರವರಿಯಲ್ಲಿ ಟಿಮೋ ಮೈಯರ್. ಆಗಸ್ಟ್‌ನಲ್ಲಿ ಎರಿಕ್ ಕಾರ್ಲ್‌ಸನ್. ಡಿಫೆನ್ಸ್ ಆಟಗಾರನಾಗಿ ಒಂದೇ ಸೀಸನ್‌ನಲ್ಲಿ 101 ಪಾಯಿಂಟ್ (ಗೋಲ್ ಮತ್ತು ಗೋಲ್‌ಗೆ ಕೊಟ್ಟ ಅಸಿಸ್ಟ್ ಸೇರಿ) ಗಳಿಸಿ, ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ನಾರಿಸ್ ಪ್ರಶಸ್ತಿ ಗೆದ್ದವರು ಅವರು!

2024ರ ಮಾರ್ಚ್‌ನಲ್ಲಿ ಟೊಮಾಸ್ ಹರ್ಟ್ಲ್ ಹೋದಾಗ ನಿಜಕ್ಕೂ ನೋವಾಯಿತು. 2013ರಲ್ಲಿ ಹುಡುಗನಾಗಿ ಬಂದು ಒಂದೇ ರಾತ್ರಿ ನಾಲ್ಕು ಗೋಲ್ ಹೊಡೆದವರು, ಅದರಲ್ಲೊಂದು ಕಾಲುಗಳ ಮಧ್ಯದಿಂದ ಸ್ಟಿಕ್ ತಂದು ಹೊಡೆದದ್ದು. ಅಂಥವರನ್ನು ಹೊಸ ಪೈಪೋಟಿ ತಂಡ ವೇಗಸ್‌ಗೆ ಕೊಟ್ಟುಬಿಟ್ಟರು. ಆಗ ಒಂದು ನೋಟ್‌ಬುಕ್ ಶುರು ಮಾಡಿದೆ. ಯಾರು ಹೋದರು, ಬದಲಿಗೆ ಏನು ಬಂತು, ಅದು ಮುಂದೆ ಏನಾಯಿತು ಅಂತ ಬರೆಯುವುದು. ಹರ್ಟ್ಲ್ ಬದಲಿಗೆ ಬಂದದ್ದು ಡೇವಿಡ್ ಎಡ್‌ಸ್ಟ್ರಾಮ್ ಎಂಬ ಯುವಕ ಮತ್ತು ಮೊದಲ ಸುತ್ತಿನ ಒಂದು ಡ್ರಾಫ್ಟ್ ಆಯ್ಕೆ (ತಂಡಗಳು ಹೊಸ ಯುವ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್). ಆಗಸ್ಟ್‌ನಲ್ಲಿ ಅವೆರಡನ್ನೂ ನ್ಯಾಶ್‌ವಿಲ್‌ಗೆ ಕೊಟ್ಟು ಯಾರೊಸ್ಲಾವ್ ಅಸ್ಕರೊವ್ ಎಂಬ ಯುವ ಗೋಲ್‌ಕೀಪರ್‌ನನ್ನು ತಂದರು. ಆ ಸಾಲು ಬರೆದಾಗ ಮಾರ್ಚ್‌ನ ಸಿಟ್ಟು ಸ್ವಲ್ಪ ಇಳಿಯಿತು. ವಹಿವಾಟಿನ ಬೆಲೆ ಅದೇ ದಿನ ಗೊತ್ತಾಗುವುದಿಲ್ಲ ಅಲ್ವಾ?

ಒಂದು ವಿಷಯದಲ್ಲಿ ಮಾತ್ರ ಬೇರೆ ಅಭಿಮಾನಿಗಳ ಜೊತೆ ನನ್ನ ಮಾತು ಕೂಡಲಿಲ್ಲ. ಕೊನೆಯ ಸ್ಥಾನದ ತಂಡಕ್ಕೆ, ಆ ಸರದಿ ತೀರ್ಮಾನಿಸುವ ಡ್ರಾಫ್ಟ್ ಲಾಟರಿಯಲ್ಲಿ ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇ. 25.5, ಅದೃಷ್ಟ ಎಷ್ಟೇ ಕೆಟ್ಟರೂ ಮೂರನೆಯದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಾಗಾಗಿ 'ಇವತ್ತೂ ಸೋಲಲಿ' ಅಂತ ಬಯಸುವವರು ಜಾಸ್ತಿ ಇದ್ದರು. ನಾನು ಒಪ್ಪಲಿಲ್ಲ. ಆಟಗಾರರನ್ನು ಬಿಟ್ಟುಕೊಡುವುದು ಆಫೀಸಿನಲ್ಲಿ ಕೂತವರು. ಮಂಜಿನ ಮೇಲೆ ಪಕ್‌ಗೆ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಅಡ್ಡ ಮಲಗುವವನು ಸೋಲೋಕೆ ಆಡುವುದಿಲ್ಲ. ಅವನ ಸೋಲಿಗೆ ಚಪ್ಪಾಳೆ ತಟ್ಟಿದರೆ ನೋಡೋಕೆ ಇನ್ನೇನು ಉಳಿಯುತ್ತೆ? 2024ರ ಮೇ ತಿಂಗಳಲ್ಲಿ ಲಾಟರಿ ಒಲಿದು, ಜೂನ್‌ನಲ್ಲಿ ಮೊದಲ ಆಯ್ಕೆಯಾಗಿ ಮ್ಯಾಕ್ಲಿನ್ ಸೆಲೆಬ್ರಿನಿ ಸಿಕ್ಕಾಗ ಖುಷಿಪಟ್ಟೆ. ಸೋಲುಗಳಿಗೆ ಮಾತ್ರ ಖುಷಿಪಡಲಿಲ್ಲ.

ಪಂದ್ಯದ ದಿನ ಒಬ್ಬ ಹುಡುಗನನ್ನು ಆರಿಸಿಕೊಂಡು ಅವನ ಆಟವನ್ನಷ್ಟೇ ಹಿಂಬಾಲಿಸುತ್ತಿದ್ದೆ. ಸ್ಕೋರ್ ಬೋರ್ಡ್ ಕಡೆ ಕಣ್ಣು ಹಾಯಿಸುತ್ತಿದ್ದದ್ದು ಕಮ್ಮಿ. 2024-25ರಲ್ಲಿ ಹೆಚ್ಚಾಗಿ ನೋಡಿದ್ದು ವಿಲ್ ಸ್ಮಿತ್‌ನನ್ನು. 2023ರ ಡ್ರಾಫ್ಟಿನ ನಾಲ್ಕನೆಯ ಆಯ್ಕೆ, ಬಾಸ್ಟನ್ ಕಾಲೇಜಿನಲ್ಲಿ ರಾಶಿ ಪಾಯಿಂಟ್ ಗಳಿಸಿ ಬಂದ ಹುಡುಗ. ಶುರುವಿನಲ್ಲಿ ಪಾಯಿಂಟ್ ಬರಲೇ ಇಲ್ಲ. ಸತತ ಎರಡು ದಿನ ಪಂದ್ಯವಿದ್ದರೆ ಕೆಲವೊಮ್ಮೆ ಒಂದಕ್ಕೆ ಅವನನ್ನು ಕೂರಿಸುತ್ತಿದ್ದರು. 'ಇವನದು ಬರೀ ಹೆಸರಷ್ಟೇ' ಎಂಬ ಮಾತು ಕೇಳಿಬಂತು. ನಾನು ನೋಡುತ್ತಿದ್ದದ್ದು ಬೇರೆ: ಗೋಡೆ ಪಕ್ಕ ದೊಡ್ಡ ಆಳು ಗುದ್ದಿದಾಗ ಪಕ್ ಉಳಿಸಿಕೊಳ್ಳುತ್ತಾನಾ, ಪಕ್ ಕಳೆದುಕೊಂಡರೆ ವಾಪಸ್ ಓಡುತ್ತಾನಾ? ತಿಂಗಳಿಂದ ತಿಂಗಳಿಗೆ ಅದು ಸುಧಾರಿಸುವುದು ಕಣ್ಣಿಗೇ ಕಾಣುತ್ತಿತ್ತು. ಕೊನೆಗೆ ಅವನ ಲೆಕ್ಕ 74 ಪಂದ್ಯ, 45 ಪಾಯಿಂಟ್.

ಸೆಲೆಬ್ರಿನಿ ವಿಷಯದಲ್ಲಿ ಇಷ್ಟು ಕಾಯಬೇಕಾಗಲಿಲ್ಲ. 18ರ ಹುಡುಗ, ಮೊದಲ ಪಂದ್ಯದಲ್ಲೇ ಒಂದು ಗೋಲ್, ಒಂದು ಅಸಿಸ್ಟ್. ಸೊಂಟದ ನೋವಿಗೆ ಕೆಲವು ವಾರ ಹೊರಗಿದ್ದರೂ 70 ಪಂದ್ಯಗಳಲ್ಲಿ 63 ಪಾಯಿಂಟ್. ಆ ವರ್ಷ ಅವನು ಉಳಿದುಕೊಂಡಿದ್ದು ಹಳೆಯ ನಾಯಕ ಜೋ ಥಾರ್ನ್‌ಟನ್ ಮನೆಯಲ್ಲಿ. ನನಗೆ ಇದು ತುಂಬಾ ಹಿಡಿಸಿತು. ಹುಡುಗರನ್ನಷ್ಟೇ ಗುಡ್ಡೆ ಹಾಕಿದರೆ ತಂಡ ಆಗುವುದಿಲ್ಲ, ಜೊತೆಗೆ ಹಿರಿಯರು ಬೇಕು. ಟೈಲರ್ ಟೊಫೋಲಿಯನ್ನು ತಂದದ್ದು ಅದಕ್ಕೇ ಸರಿಯೆನಿಸಿತು. ಕೊನೆಯ ಸ್ಥಾನದ ತಂಡದಲ್ಲಿ ಅವರು 30 ಗೋಲ್ ಹೊಡೆದರು.

ತಾಳ್ಮೆ ಅಂದರೆ ಪ್ರಶ್ನೆ ಕೇಳದಿರುವುದಲ್ಲ. ಆ ಎರಡು ವರ್ಷ ನನ್ನ ದೊಡ್ಡ ತಕರಾರು ಡಿಫೆನ್ಸ್ ಬಗ್ಗೆ. ಮುಂದಿನ ಸಾಲಿಗೆ ಪ್ರತಿಭೆ ಬರುತ್ತಲೇ ಇತ್ತು. 2025ರ ಡ್ರಾಫ್ಟ್‌ನಲ್ಲೂ ಎರಡನೆಯ ಆಯ್ಕೆಯಾಗಿ ಮೈಕಲ್ ಮೀಸಾ ಬಂದ, ಅವನೂ ಫಾರ್ವರ್ಡ್. ಹಿಂದೆ ನಿಲ್ಲುವವರು ಸಾಲದೆ ಎಷ್ಟೋ ಪಂದ್ಯ ಕೈತಪ್ಪಿದವು. ಅದಕ್ಕೇ ನನ್ನ ನೋಟ್‌ಬುಕ್ಕಿನಲ್ಲಿ ಮುಂದಿನ ಪುಟ ಸ್ಯಾಮ್ ಡಿಕಿನ್ಸನ್‌ಗೆ. 2024ರ ಡ್ರಾಫ್ಟಿನ 11ನೆಯ ಆಯ್ಕೆ, ಡಿಫೆನ್ಸ್ ಹುಡುಗ. ಅವನು ಗೋಲ್ ಹೊಡೆದನಾ ಅನ್ನೋದಕ್ಕಿಂತ, ಒತ್ತಡ ಬಿದ್ದಾಗ ಮೊದಲ ಪಾಸ್ ಎಲ್ಲಿಗೆ ಕೊಟ್ಟ ಅಂತ ಬರೆದುಕೊಳ್ಳಬೇಕು ಅಂದುಕೊಂಡಿದ್ದೇನೆ.